ಸೂಜಿ ಯಾರ ಕೈಯಲ್ಲಿ?

ಹೊಸೂರು ರಸ್ತೆಯಲ್ಲಿ ಬೆಂಗಳೂರು ಬಿಟ್ಟು ಹೊರಟರೆ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ, ಅದಾದ ಮೇಲೆ ಚಂದಾಪುರ. ಐವತ್ತು ವರ್ಷದ ಹಿಂದೆ ಇದು ರಾಗಿ ಹೊಲಗಳ, ರೇಷ್ಮೆ ಮಗ್ಗಗಳ ಆನೇಕಲ್ ತಾಲ್ಲೂಕು. ಚಂದಾಪುರವೆಂದರೆ ಒಂದು ಕಡೆ ಆನೇಕಲ್ಲಿಗೆ, ಇನ್ನೊಂದು ಕಡೆ ಸರ್ಜಾಪುರದ ದಿಕ್ಕಿಗೆ ದಾರಿ ಒಡೆಯುವ ಕೂಡುರಸ್ತೆ, ಅಷ್ಟೇ. 1976ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್ ಹುಟ್ಟಿತು. ಅದರ ಮುಖ್ಯಸ್ಥ ಆರ್.ಕೆ. ಬಾಳಿಗರು ಕಂಡ ಕನಸಿನ ಪ್ರಕಾರ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯ ಕಾರ್ ಶೆಡ್ಡಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಶುರುಮಾಡಿದ ಬಯೋಕಾನ್ ಕಂಪನಿ ಮೊದಲು ಪರಂಗಿ ಹಾಲಿನಿಂದ ಪಪೈನ್ ಎಂಬ ಕಿಣ್ವ ತೆಗೆಯುತ್ತಿತ್ತು. ಆಮೇಲೆ ಹೆಬ್ಬಗೋಡಿಗೆ ಬಂದು ಬೆಳೆದು, 2004ರಲ್ಲಿ ಯೀಸ್ಟ್ ಕೋಶಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ಬಿಟ್ಟಿತು. ಈಗ ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಅದೇ ಕಂಪನಿಯ ಹೆಸರಿದೆ. ಔಷಧಿ ಪಕ್ಕದ ಊರಲ್ಲೇ ತಯಾರಾಗುತ್ತದೆ ನಿಜ. ಆದರೆ ಚಂದಾಪುರದ ಸಾಲುಮನೆಯೊಂದರಲ್ಲಿರುವ, ಮಧುಮೇಹದಿಂದಾಗಿ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಳ್ಳುವ ಹತ್ತು ವರ್ಷದ ಹುಡುಗಿಗೆ ‘ಇದು ನನ್ನ ಕೈಮೀರಿದ್ದಲ್ಲ’ ಎಂಬ ಧೈರ್ಯ ಕಾರ್ಖಾನೆಯ ಗೇಟಿನಿಂದ ಬರುವುದಿಲ್ಲ. ಆ ಧೈರ್ಯಕ್ಕೆ ಬೇರೆಯದೇ ಒಂದು ಚರಿತ್ರೆ ಇದೆ. ಅದು ಸೂಜಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಚರಿತ್ರೆ.

ಮನಶ್ಶಾಸ್ತ್ರ ಈ ಧೈರ್ಯವನ್ನು ಅಳೆಯಲು ಹೊರಟಿದ್ದು ತೀರ ಈಚೆಗೆ. ಬದುಕಿನಲ್ಲಿ ಆಗುವುದೆಲ್ಲ ತನ್ನ ಕೆಲಸದ ಫಲವೆಂದು ನಂಬುವವರು, ಬೇರೆಯವರ ಇಲ್ಲವೇ ಅದೃಷ್ಟದ ಆಟವೆಂದು ನಂಬುವವರು ಎಂದು ಜನರನ್ನು ಒಂದು ಮಾಪಕದ ಮೇಲೆ ಇಟ್ಟು ನೋಡುವ ಕ್ರಮವನ್ನು ಅಮೆರಿಕದ ಜೂಲಿಯನ್ ರಾಟರ್ 1966ರಲ್ಲಿ ಮುಂದಿಟ್ಟ. 1973ರಲ್ಲಿ ನೊವಿಕಿ ಮತ್ತು ಸ್ಟ್ರಿಕ್‌ಲ್ಯಾಂಡ್ ಮಕ್ಕಳಿಗೆಂದೇ ಹೌದು–ಅಲ್ಲ ಎಂದು ಉತ್ತರಿಸುವ ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿದರು. 1978ರ ಹೊತ್ತಿಗೆ ವಾಲ್‌ಸ್ಟನ್ ದಂಪತಿ ಆರೋಗ್ಯದ ವಿಷಯದಲ್ಲಿ ನಂಬಿಕೆಯನ್ನು ನಾನು, ವೈದ್ಯರಂಥ ಬಲ್ಲವರು, ಹಣೆಬರಹ ಎಂದು ಮೂರಾಗಿ ಒಡೆದರು. ದೀರ್ಘಕಾಲದ ಕಾಯಿಲೆಯ ಮಕ್ಕಳ ಮೇಲೆ ಈ ಪಟ್ಟಿಗಳನ್ನು ಹಾಕಿ ನೋಡಿದ ಅಧ್ಯಯನಗಳು ಬೇಕಾದಷ್ಟಿವೆ. ನನ್ನ ತಕರಾರು ಇಷ್ಟು: ಇವು ಈ ಧೈರ್ಯವನ್ನು, ಅಂದರೆ ಹಿಡಿತವೆಂಬುದನ್ನು, ಮಗುವಿನ ಸ್ವಭಾವದ ಒಂದು ಗುಣದಂತೆ, ಕೆಲವರಿಗೆ ಹೆಚ್ಚು ಕೆಲವರಿಗೆ ಕಡಿಮೆ ಬಂದ ಸ್ವತ್ತಿನಂತೆ ನೋಡುತ್ತವೆ. ಚರಿತ್ರೆ ತೋರಿಸುವುದು ಬೇರೆ. ತನ್ನ ಸ್ಥಿತಿಯನ್ನು ತಾನೇ ಓದಿಕೊಳ್ಳುವ ಒಂದು ಅಳತೆ, ಪುಟ್ಟ ಕೈಗೆ ಎಟಕುವ ಒಂದು ಉಪಕರಣ, ಅದನ್ನು ಬಳಸಲು ದೊಡ್ಡವರ ಸಮ್ಮತಿ, ಇವು ದೊರೆತ ಕಡೆ ಮಕ್ಕಳಿಗೆ ಹಿಡಿತ ಬಂದಿದೆ. ದೊರೆಯದ ಕಡೆ ಎಂಥ ಗಟ್ಟಿ ಸ್ವಭಾವದ ಮಗುವೂ ಕೈಚೆಲ್ಲಿದೆ.

ಇನ್ಸುಲಿನ್ ಬರುವ ಮೊದಲಿನ ಕಾಲವನ್ನೇ ನೋಡಿ. ಸುಶ್ರುತ ಮಧುಮೇಹವೂ ಸೇರುವ ಪ್ರಮೇಹವನ್ನು ಎರಡಾಗಿ ವಿಂಗಡಿಸಿದ್ದ. ಒಂದು ಸಹಜ, ಹುಟ್ಟಿನಿಂದಲೇ ಬಂದದ್ದು, ರೋಗಿ ಕೃಶ. ಇನ್ನೊಂದು ಅಪಥ್ಯದಿಂದ, ಅಂದರೆ ತಿಂದು ಕೆಡಿಸಿಕೊಂಡು ಬಂದದ್ದು. ಕೃಶವಾದ ಮಗು ಮೊದಲನೆಯ ಗುಂಪಿಗೆ ಸೇರಿದ್ದರೂ ನಮ್ಮ ಮನೆಮಾತು ಇಂದಿಗೂ ಎರಡನ್ನೂ ಬೇರ್ಪಡಿಸುವುದಿಲ್ಲ. ಮಗುವಿಗೆ ಶುಗರ್ ಎಂದೊಡನೆ ‘ಚಾಕಲೇಟು ಜಾಸ್ತಿ ತಿಂದಳಾ?’ ಎಂದು ಕೇಳುವ ನೆಂಟರಿಗೇನು ಕೊರತೆ! ಪಶ್ಚಿಮದಲ್ಲೂ ಇದೇ ಗುಮಾನಿ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಫ್ರೆಡರಿಕ್ ಅಲೆನ್ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಆಯುಷ್ಯ ಹಿಗ್ಗಿಸುತ್ತಿದ್ದ. ಆಗ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಇರಲೂ ಇಲ್ಲ. ಅವನ ಆಸ್ಪತ್ರೆಯಲ್ಲಿ ಕಣ್ಣು ಕಳೆದುಕೊಂಡಿದ್ದ ಹನ್ನೆರಡರ ಹುಡುಗನೊಬ್ಬನ ಮೂತ್ರದಲ್ಲಿ ಎಷ್ಟು ಬಿಗಿ ಮಾಡಿದರೂ ಸಕ್ಕರೆ ಕಾಣುತ್ತಿತ್ತು. ವಿಚಾರಿಸಿದರೆ, ಅವನು ಹಲ್ಲುಜ್ಜುವ ಪೇಸ್ಟನ್ನೂ ಪಂಜರದ ಹಕ್ಕಿಗೆ ಇಟ್ಟ ಕಾಳನ್ನೂ ತಿಂದಿದ್ದ. ಆಗಿನ ವೈದ್ಯರು ಇದನ್ನು ಶಿಸ್ತುಭಂಗವೆಂದು ಓದಿದರು. ನನಗೆ ಅದು ಬೇರೆ ಥರ ಕಾಣುತ್ತದೆ. ಕಾಯಿಲೆಯ ಮೇಲೆ ದೊಡ್ಡವರ ಹಿಡಿತ ಪೂರ್ತಿ ಇದ್ದು ಮಗುವಿನದು ಸೊನ್ನೆಯಾದಾಗ, ಆ ಹಿಡಿತವನ್ನು ಮುರಿಯುವುದೊಂದೇ ಮಗುವಿಗೆ ಉಳಿದ ಸ್ವಂತ ಕೆಲಸ. ಇಂದು ಹಾಸ್ಟೆಲಿನಲ್ಲಿ ಸೂಜಿ ತಪ್ಪಿಸುವ, ಡೈರಿಯಲ್ಲಿ ಸುಳ್ಳು ಅಂಕಿ ಬರೆಯುವ ಹದಿಹರೆಯದವರನ್ನು ಬೈಯುವ ಮೊದಲು ಆ ಹುಡುಗನನ್ನು ನೆನೆಯಬೇಕು.

1922ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕರ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. 11ರಂದು ಕೊಟ್ಟದ್ದು ಅಶುದ್ಧವಾಗಿತ್ತು, ಕೆಲಸ ಮಾಡಲಿಲ್ಲ. 23ರಂದು ಕೊಟ್ಟದ್ದು ಅವನನ್ನು ಉಳಿಸಿತು. ಚರಿತ್ರೆ ಈ ಹುಡುಗನನ್ನು ಕೊಂಡಾಡುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದವಳು ಅದೇ ವರ್ಷದ ಆಗಸ್ಟಿನಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬನಾದ ಬ್ಯಾಂಟಿಂಗ್ ಬಳಿಗೆ ಬಂದ ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಸಚಿವರ ಮಗಳು, ಅಲೆನ್‌ನ ಪಥ್ಯದಲ್ಲಿ ಬದುಕುಳಿದವಳು, ಹದಿನೈದು ತುಂಬುತ್ತಿದ್ದ ಅವಳ ತೂಕ ಇಪ್ಪತ್ತು ಕಿಲೋ ಆಸುಪಾಸು. ಅವಳು ಚೇತರಿಸಿಕೊಂಡಳಷ್ಟೇ ಅಲ್ಲ, ಸೂಜಿ ಹಿಡಿಯಲು ತಾನೇ ಕಲಿತಳು. ದಿನಕ್ಕೆರಡು ಮೂರು ಸಲ ವೈದ್ಯರು ಮನೆಗೆ ಬರುವುದು ಯಾರಿಗೂ ಸಾಧ್ಯವಿರಲಿಲ್ಲವಾದ್ದರಿಂದ, ವೈದ್ಯಶಾಸ್ತ್ರ ಅದುವರೆಗೆ ಹೆಚ್ಚಾಗಿ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ ಒಂದು ಕೆಲಸವನ್ನು ರೋಗಿಯ ಕೈಗೆ ಕೊಡಬೇಕಾಯಿತು. ಅದು ಉದಾರತೆಯಿಂದ ಕೊಟ್ಟದ್ದಲ್ಲ, ಔಷಧಿಯ ಸ್ವಭಾವವೇ ಹಾಗಿತ್ತು. ಬೋಸ್ಟನ್ನಿನ ಎಲಿಯಟ್ ಜಾಸ್ಲಿನ್ ಇದನ್ನು ಬೇಗ ಅರಿತ. ರೋಗಿಗೂ ವೈದ್ಯನಿಗೂ ಒಟ್ಟಿಗೆ ಬಳಸಲೆಂದು ಅವನು ಬರೆದ ಕೈಪಿಡಿ 1918ರಲ್ಲೇ ಬಂದಿತ್ತು. ಇನ್ಸುಲಿನ್ ಬಂದ ಮೇಲೆ ಕಲಿಸುವುದೇ ಚಿಕಿತ್ಸೆಯ ಅರ್ಧ ಎಂಬಂತೆ ಅವನ ಕ್ಲಿನಿಕ್ ನಡೆಯಿತು. 1925ರಲ್ಲಿ ಮಿಶಿಗನ್‌ನಲ್ಲಿ ವೈದ್ಯ ವೆಂಟ್ ಮಧುಮೇಹದ ಮಕ್ಕಳಿಗಾಗಿ ಬೇಸಿಗೆ ಶಿಬಿರ ಶುರುಮಾಡಿದ. ತನ್ನಂಥವರು ಇನ್ನೂ ಇದ್ದಾರೆ ಎಂದು ಮಗುವಿಗೆ ಗೊತ್ತಾಗುವುದೇ ಇಂಥ ಶಿಬಿರದ ದೊಡ್ಡ ಲಾಭ. ಎಲಿಜಬೆತ್ ಕತೆಗೆ ಇನ್ನೊಂದು ಮುಖವಿದೆ. 1981ರಲ್ಲಿ ಎಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆಕೆ ತನ್ನ ಕಾಯಿಲೆಯನ್ನು ಹೊರಗಿನವರಿಂದ ಮುಚ್ಚಿಟ್ಟಳು. ಸೂಜಿ ಕೈಗೆ ಬಂದರೂ ಸಮಾಜದ ಕಣ್ಣಿನ ಮೇಲೆ ಅವಳಿಗೆ ಹಿಡಿತ ಸಿಗಲಿಲ್ಲ. ಮಗಳ ಮದುವೆ ಯೋಚನೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ನೆಂಟರ ಕಣ್ಣಿಗೆ ಬೀಳದಂತೆ ಇಡುವ ನಮ್ಮ ಮನೆಗಳಿಗೆ ಇದು ಹೊಸದೇನಲ್ಲ.

ನಮ್ಮಲ್ಲಿ ಸೂಜಿ ಬಹುಕಾಲ ಕಾಂಪೌಂಡರನ ಕೈಯಲ್ಲಿತ್ತು. ಗಾಜಿನ ಸಿರಿಂಜು, ಕುದಿಸುವ ಸ್ಟೀಲ್ ಡಬ್ಬಿ, ಸ್ಪಿರಿಟ್ ವಾಸನೆ: ಇಂಜೆಕ್ಷನ್ ಎಂದರೆ ಡಾಕ್ಟರ್ ಶಾಪಿಗೆ ಹೋಗಿ ಹಾಕಿಸಿಕೊಂಡು ಬರುವಂಥದ್ದು. ಮನೆಯಲ್ಲಿ ಮಾಡಬಹುದಾಗಿದ್ದ ಪರೀಕ್ಷೆ ಬೆನೆಡಿಕ್ಟ್ ದ್ರಾವಣದ್ದು. ಐದು ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ತೊಟ್ಟು ಮೂತ್ರ ಬಿಟ್ಟು ಕುದಿಸಿದರೆ ಬಣ್ಣ ಹಸಿರು, ಹಳದಿ, ಕಿತ್ತಳೆಯಾಗಿ ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತಿತ್ತು. ಈ ಪರೀಕ್ಷೆಯ ದೋಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹಿಡಿತದ ಪ್ರಶ್ನೆ ಅಲ್ಲೇ ಇದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರದಲ್ಲಿ ಕಾಣುವುದಿಲ್ಲ. ಕಂಡಾಗಲೂ ಅದು ಹೇಳುವುದು ಕೆಲವು ಗಂಟೆ ಹಿಂದಿನ ಸಮಾಚಾರ. ಸಕ್ಕರೆ ತೀರ ಇಳಿದು ಮಗು ಬೆವರಿ ನಡುಗುತ್ತಿದ್ದರೂ ಬಣ್ಣ ನೀಲಿಯೇ. ಬೆಳಗ್ಗೆ ನಿಯಮ ತಪ್ಪದೆ ಊಟ ಮಾಡಿದ ಮಗು ಸಂಜೆ ಕೆಂಪು ಕಾಣುತ್ತದೆ, ರಾತ್ರಿ ಕದ್ದು ತಿಂದ ಮಗು ಬೆಳಗ್ಗೆ ಹಸಿರು ಕಾಣಲೂಬಹುದು. ಮಾಡಿದ್ದಕ್ಕೂ ಆದದ್ದಕ್ಕೂ ಕೊಂಡಿಯೇ ಕಾಣದಿದ್ದಲ್ಲಿ ಹಣೆಬರಹವನ್ನು ನಂಬುವುದು ಅವಿವೇಕವಲ್ಲ, ಸಿಕ್ಕ ಸಾಕ್ಷ್ಯದಿಂದ ತೆಗೆದ ತಕ್ಕ ತೀರ್ಮಾನ. ಹಳೆಯ ಪ್ರಶ್ನಾವಳಿಗಳಲ್ಲಿ ‘ಎಲ್ಲ ಅದೃಷ್ಟ’ ಎಂದು ಗುರುತು ಹಾಕಿದ ಮಕ್ಕಳನ್ನು ದುರ್ಬಲರೆಂದು ಎಣಿಸಿದವರು ಆ ಮಕ್ಕಳ ಕೈಯಲ್ಲಿ ಯಾವ ಅಳತೆಗೋಲಿತ್ತು ಎಂದು ಕೇಳಬೇಕಿತ್ತು.

ಆ ಕೊಂಡಿ ಕಂಡದ್ದು ಬೆರಳ ತುದಿಯ ಒಂದು ಹನಿ ರಕ್ತದಿಂದ. ಗ್ಲೂಕೋಸ್ ಮೀಟರು 1970ರಲ್ಲೇ ಹುಟ್ಟಿದರೂ ಅದು ವೈದ್ಯರ ಮೇಜಿನ ಸಾಮಾನು. ಎಪ್ಪತ್ತರ ದಶಕದ ಕೊನೆಯಲ್ಲಿ ಅದು ಪಶ್ಚಿಮದ ಮನೆಗಳನ್ನು ಹೊಕ್ಕಿತು, 1985ರಲ್ಲಿ ಇನ್ಸುಲಿನ್ ಪೆನ್ನು ಬಂತು. ಅಮೆರಿಕ, ಕೆನಡಾಗಳಲ್ಲಿ 1,441 ಜನರ ಮೇಲೆ ನಡೆದ ದೊಡ್ಡ ಪ್ರಯೋಗ, ಪದೇಪದೇ ಅಳೆದು ಡೋಸ್ ಹೊಂದಿಸಿಕೊಂಡವರಲ್ಲಿ ಕಣ್ಣು, ಕಿಡ್ನಿ, ನರಗಳ ಹಾನಿ ಗಣನೀಯವಾಗಿ ಕಡಿಮೆಯೆಂದು 1993ರಲ್ಲಿ ತೋರಿಸಿತು. ಅವರಲ್ಲಿ 195 ಮಂದಿ ಹದಿಮೂರರಿಂದ ಹದಿನೇಳರ ವಯಸ್ಸಿನವರು. ಕರ್ನಾಟಕದಲ್ಲಿ 1995ರಿಂದ ನಡೆದ ಮಧುಮೇಹ ನೋಂದಣಿ, ಲಕ್ಷ ಮಕ್ಕಳಿಗೆ ವರ್ಷಕ್ಕೆ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4 ಹೊಸ ಪ್ರಕರಣ ಎಂಬ ಲೆಕ್ಕ ಕೊಟ್ಟಿತು. ಬೆಂಗಳೂರಿನ ಸಮತ್ವಂ, ಬೆಳಗಾವಿಯ ಕೆಎಲ್ಇ ಮಧುಮೇಹ ಕೇಂದ್ರದಂಥ ಕಡೆ ಮಕ್ಕಳಿಗೆ ಔಷಧಿಯ ಜೊತೆ ಪಾಠವೂ ಸಿಕ್ಕಿತು. ಆದರೂ ಉಪಕರಣ ಬಂದಲ್ಲಿ ಗೊಂದಲವೂ ಬಂತು. ನಮ್ಮ ಅಂಗಡಿಗಳ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್ಟಿನದು. 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ ಹತ್ತು ಗೆರೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. ಮೆಡಿಕಲ್ ಅಂಗಡಿಯವನು ಕೊಟ್ಟದ್ದನ್ನು ತಂದ ಅಪ್ಪನಿಗೆ ಮುಚ್ಚಳದ ಬಣ್ಣ ಹೊಳೆಯದೆ ಹೋಗಬಹುದು. ಕಲಿತ ಮಗು ತಪ್ಪದೆ ನೋಡುತ್ತದೆ.

ಈಗ ಚಂದಾಪುರಕ್ಕೆ ಮರಳೋಣ. ಹೊಸೂರು ರಸ್ತೆಯ ಈ ಪ್ರದೇಶದ ಆರೋಗ್ಯ ಚರಿತ್ರೆಯಲ್ಲಿ ಹೆಮ್ಮೆಯ ಘಟನೆ 2001ರಲ್ಲಿ ಬೊಮ್ಮಸಂದ್ರದಲ್ಲಿ ಬಾಗಿಲು ತೆರೆದ ನಾರಾಯಣ ಹೃದಯಾಲಯ. ಹೃದಯದಲ್ಲಿ ರಂಧ್ರವಿದ್ದ ಎಷ್ಟೋ ಮಕ್ಕಳು ಅಲ್ಲಿ ಉಳಿದರು. ಅದರ ಹಿಂದೆಯೇ 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆ ತಿಂಗಳಿಗೆ ಐದು ರೂಪಾಯಿ ವಂತಿಗೆಯಲ್ಲಿ ಸಹಕಾರಿ ಸಂಘದ ರೈತರಿಗೆ ಶಸ್ತ್ರಚಿಕಿತ್ಸೆಯ ಬಾಗಿಲು ತೆಗೆಯಿತು. ಎರಡೂ ದೊಡ್ಡ ಸಾಧನೆಗಳೇ. ಆದರೆ ಎರಡರ ಕಣ್ಣೂ ಇದ್ದದ್ದು ಒಂದು ದಿನದ ಘಟನೆಯ ಮೇಲೆ: ಮಗುವನ್ನು ಒಳಗೆ ಒಯ್ಯುತ್ತಾರೆ, ಸರಿಮಾಡಿ ಹೊರಗೆ ತರುತ್ತಾರೆ. ಅಲ್ಲಿ ಮಗು ಮಾಡಬೇಕಾದ್ದು ಏನೂ ಇಲ್ಲ. ದಿನವೂ ಇರುವ ಕಾಯಿಲೆಗೆ ಇಂಥ ಬಾಗಿಲಿಲ್ಲ. ಇಎಸ್‌ಐ ಎಂಬ ಕಾರ್ಮಿಕ ವಿಮೆ ಇದೆ, ಆದರೆ ಕಾರ್ಡು ದುಡಿಯುವವರ ಹೆಸರಿನಲ್ಲಿ. 2017ರಿಂದ 21,000 ರೂಪಾಯಿವರೆಗಿನ ಸಂಬಳದವರಿಗೆ ಅದು ಸಲ್ಲುತ್ತದೆ. ಗುತ್ತಿಗೆದಾರ ಬದಲಾದಾಗ, ಕೆಲಸ ತಪ್ಪಿದಾಗ ಮಗುವಿನ ಔಷಧಿಯೂ ಅಲುಗಾಡುತ್ತದೆ. ಇದಕ್ಕಿಂತ ದೊಡ್ಡದು ಹೊತ್ತಿನ ಪ್ರಶ್ನೆ. ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಬಿಹಾರ, ಒಡಿಶಾಗಳಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವ ಗಂಡ ಹೆಂಡಿರ ಜೊತೆ ಅಜ್ಜಿ ಇರುವುದು ಅಪರೂಪ. ಮಧ್ಯಾಹ್ನದ ಊಟದ ಮೊದಲು ಸೂಜಿ ಬೇಕು, ಆಗ ತಾಯಿ ಗಾರ್ಮೆಂಟ್ಸ್‌ನ ಮೆಷಿನ್ ಮುಂದೆ, ತಂದೆ ಫಸ್ಟ್ ಶಿಫ್ಟಿನಲ್ಲಿ, ಮಗು ಶಾಲೆಯಲ್ಲಿ. ಒಕ್ಕಲುತನದ ದಿನಚರಿಯಲ್ಲಿ ಮನೆಯವರು ಕರೆದರೆ ಸಿಗುವಷ್ಟು ದೂರದಲ್ಲಿದ್ದರು. ಕಾರ್ಖಾನೆಯ ಸೈರನ್ ಆ ಸೌಕರ್ಯವನ್ನು ತೆಗೆದುಹಾಕಿತು. 1922ರಲ್ಲಿ ವೈದ್ಯನಿಂದ ರೋಗಿಗೆ ಸೂಜಿ ದಾಟಲು ಯಾವ ಒತ್ತಡ ಕಾರಣವಾಯಿತೋ ಅದೇ ಒತ್ತಡ ಇಂದು ಇಲ್ಲಿ ಅದನ್ನು ತಾಯಿಯಿಂದ ಮಗುವಿಗೆ ದಾಟಿಸುತ್ತಿದೆ. ಕಲಿಸಿ ದಾಟಿಸುತ್ತೇವೋ, ಸುಮ್ಮನೆ ಕೈಬಿಡುತ್ತೇವೋ ಎಂಬುದಷ್ಟೇ ಉಳಿದ ಆಯ್ಕೆ.

ಇಲ್ಲಿ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಹತ್ತು ವರ್ಷದ ಮಗುವಿನ ಮೇಲೆ ಇಂಥ ಭಾರ ಹೊರಿಸುವುದು ಸರಿಯೇ, ಒಂದು ತಪ್ಪು ಡೋಸ್ ಪ್ರಾಣಕ್ಕೇ ಬರುವುದಿಲ್ಲವೇ? ಬರುತ್ತದೆ. ಟಿಮ್ ವೈಸೊಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆಕ್ಷೇಪದ ಪರವಾಗಿಯೇ ಇದೆ: ಮನಸ್ಸಿನ ಪಕ್ವತೆಗೆ ಮೀರಿದ ಸ್ವಾತಂತ್ರ್ಯ ಪಡೆದ ಮಕ್ಕಳ ಸ್ಥಿತಿ ಹದವಾಗಿ ಪಡೆದವರಿಗಿಂತ ಕೆಟ್ಟಿತ್ತು. ಆದ್ದರಿಂದ ಹಿಡಿತವೆಂದರೆ ಒಂಟಿಯಾಗಿ ಬಿಡುವುದು ಎಂದು ನಾನು ವಾದಿಸುತ್ತಿಲ್ಲ. ಇಂಗ್ಲೆಂಡಿನ ಪ್ರಿಸಿಲ್ಲಾ ಆಲ್ಡರ್ಸನ್ ಮತ್ತವರ ಜೊತೆಗಾರರು ಮೂರರಿಂದ ಹನ್ನೆರಡು ವರ್ಷದ 24 ಮಧುಮೇಹಿ ಮಕ್ಕಳನ್ನು ಮಾತಾಡಿಸಿ 2006ರಲ್ಲಿ ಬರೆದದ್ದು ಹೆಚ್ಚು ದಾರಿ ತೋರುತ್ತದೆ. ನಾಲ್ಕೈದು ವರ್ಷದವರೂ ತಮಗೆ ಇನ್ಸುಲಿನ್ ಯಾಕೆ ಬೇಕೆಂದು ಬಲ್ಲವರಾಗಿದ್ದರು, ತಮ್ಮ ಮಟ್ಟದಲ್ಲಿ ನಿರ್ಧಾರಗಳಲ್ಲಿ ಪಾಲುಗೊಳ್ಳುತ್ತಿದ್ದರು. ಐದರ ಮಗು ಯಾವ ಬೆರಳು ಚುಚ್ಚಬೇಕೆಂದು ಆರಿಸಲಿ, ಎಂಟರದು ಮೀಟರ್ ಓದಲಿ, ಹತ್ತರದು ಪೆನ್ನಿನ ಗುಂಡಿ ತಿರುಗಿಸಲಿ, ಡೋಸನ್ನು ದೊಡ್ಡವರು ನೋಡಿ ಒಪ್ಪಲಿ. ಚಿಕ್ಕ ಆಯ್ಕೆಗಳೇ ಆದರೂ ಅವು ನಿಜವಾದ ಆಯ್ಕೆಗಳಾಗಿರಬೇಕು. ‘ಸೂಜಿ ಬೇಕಾ, ಬೇಡವಾ’ ಎಂದು ಕೇಳಿ ಹೇಗೂ ಚುಚ್ಚುವುದು ಮಗುವಿಗೆ ಮಾಡುವ ಮೋಸ.

ಎರಡನೆಯ ಆಕ್ಷೇಪ ನಮ್ಮ ಹಿರಿಯರದು. ‘ನಾನು, ನನ್ನ ಹಿಡಿತ’ ಎಂಬುದೆಲ್ಲ ಅಮೆರಿಕದವರ ಮಾತು, ನಮ್ಮಲ್ಲಿ ಮಗುವಿನ ಕಾಯಿಲೆ ಮನೆಯ ಕಾಯಿಲೆ, ಅಮ್ಮ ನೋಡಿಕೊಳ್ಳುತ್ತಾಳೆ. ಇದರಲ್ಲಿ ಸತ್ಯವಿದೆ. ಪರಿಸ್ಥಿತಿಯನ್ನು ಬದಲಿಸುವುದೊಂದೇ ಹಿಡಿತವಲ್ಲ, ಅದಕ್ಕೆ ತನ್ನನ್ನು ಹೊಂದಿಸಿಕೊಂಡು ನೆಮ್ಮದಿ ಕಾಣುವುದೂ ಒಂದು ಬಗೆಯ ಹಿಡಿತವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರೇ ಎಂಬತ್ತರ ದಶಕದಲ್ಲಿ ಒಪ್ಪಿದ್ದಾರೆ. ವಾಸಿಯಾಗದ ಕಾಯಿಲೆಯಲ್ಲಿ ಅದರ ಬೆಲೆ ದೊಡ್ಡದು. ಅಮ್ಮ ಜೊತೆಗಿರುವ ಮಗುವಿನ ಹಿಡಿತ ಕಡಿಮೆಯಲ್ಲ, ಹಂಚಿಕೊಂಡದ್ದು. ತೊಂದರೆ ಇರುವುದು ಅಮ್ಮ ಎಂಟು ಗಂಟೆ ಮನೆಯಲ್ಲಿಲ್ಲದ ಊರಿನಲ್ಲಿ ಈ ಮಾತನ್ನು ಆಡುವುದರಲ್ಲಿ. ಮನೆಯ ಕಾಯಿಲೆ ಎನ್ನುವವರು ಬಹಳ ಸಲ ತಾಯೊಬ್ಬಳ ಕೆಲಸ ಎಂದೇ ಅರ್ಥಮಾಡಿಕೊಳ್ಳುತ್ತಾರೆ. ಚಂದಾಪುರದಲ್ಲಿ ಆ ತಾಯಿ ಕೂಲಿ ಬಿಡಬೇಕು, ಇಲ್ಲವೇ ಮಗು ಮಧ್ಯಾಹ್ನದ ಡೋಸ್ ಬಿಡಬೇಕು.

ಮೊದಲು ಇನ್ಸುಲಿನ್ ಕೈಗೆಟಕಲಿ, ಮನಸ್ಸಿನ ಮಾತು ಆಮೇಲೆ ಎನ್ನುವವರೂ ಇದ್ದಾರೆ. 1923ರಲ್ಲಿ ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರೂ ನೂರು ವರ್ಷದ ಮೇಲೂ ಬೆಲೆಯ ಜಗಳ ಮುಗಿದಿಲ್ಲ, ಹಾಗಾಗಿ ಆ ಕೋಪ ನ್ಯಾಯವೇ. ಆದರೆ ಖರ್ಚಿನ ಚೀಟಿಯನ್ನು ಬಿಡಿಸಿ ನೋಡಿದರೆ ಬಡವರ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಇನ್ಸುಲಿನ್ನಿಗಲ್ಲ, ಮೀಟರಿನ ಸ್ಟ್ರಿಪ್ಪಿಗೆ. ‘ದಿನಾ ಯಾಕೆ ನೋಡಬೇಕು’ ಎಂದು ವಾರಕ್ಕೊಂದಕ್ಕೆ ಇಳಿಸುತ್ತಾರೆ. ಅಲ್ಲಿಗೆ ಮಗು ಮತ್ತೆ ಬೆನೆಡಿಕ್ಟ್ ಕಾಲಕ್ಕೆ, ಕೊಂಡಿ ಕಾಣದ ಕಾಲಕ್ಕೆ ಹೋಗುತ್ತದೆ. ಕೇರಳ ಸರ್ಕಾರ 2018ರಲ್ಲಿ ತಂದ ಮಿಠಾಯಿ ಯೋಜನೆ ಇನ್ಸುಲಿನ್ ಪೆನ್ನಿನ ಜೊತೆ ಅಳೆಯುವ ಸಾಧನವನ್ನೂ ಲೆಕ್ಕಕ್ಕೆ ತಂದದ್ದು ಈ ಕಾರಣಕ್ಕೆ ಮುಖ್ಯ. ಗಡಿಯಾಚೆ ಕಾಸರಗೋಡಿನ ಕನ್ನಡ ಮಗುವಿಗೆ ಸಲ್ಲುವ ಯೋಜನೆ ಅದು.

ಇದು ಮಧುಮೇಹಕ್ಕಷ್ಟೇ ಸೀಮಿತವಾದ ಮಾತೂ ಅಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿ, ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತೆಂದು ದಾಖಲಿಸಿದರು. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ, ಆದರೂ ಏರಿಕೆಯ ದಿಕ್ಕು ಸ್ಪಷ್ಟ. ಲಾರಿಗಳ ಹೊಸೂರು ರಸ್ತೆಗೆ, ಕೆರೆ ಕೆಡಿಸಿದ್ದಕ್ಕೆ 2022ರಲ್ಲಿ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ 500 ಕೋಟಿ ರೂಪಾಯಿ ದಂಡ ಹಾಕಿದ ಚಂದಾಪುರಕ್ಕೆ ಈ ಅಂಕಿ ದೂರದ್ದಲ್ಲ. ಅಸ್ತಮಾದ ಪಂಪು ಹುಟ್ಟಿದ್ದೇ ಮಗುವಿನ ಪ್ರಶ್ನೆಯಿಂದ: ಐವತ್ತರ ದಶಕದಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್‌ನ ಹದಿಮೂರು ವರ್ಷದ ಮಗಳು, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ತನ್ನ ಔಷಧಿಯೂ ಡಬ್ಬಿಯಲ್ಲಿ ಬರಬಾರದೇ ಎಂದು ಕೇಳಿದಳು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಅದೇ ಪಂಪನ್ನು ‘ಚಟ ಹತ್ತುತ್ತದೆ’ ಎಂದು ಮಗುವಿನಿಂದ ಬಚ್ಚಿಡುತ್ತೇವೆ.

ಹಿಡಿತದ ಮಾತಿಗೆ ಒಂದು ಅಪಾಯವೂ ಅಂಟಿದೆ. ಎಲ್ಲ ನಿನ್ನ ಕೈಯಲ್ಲಿದೆ ಎಂದು ಕಲಿತ ಹುಡುಗಿ ಮೀಟರ್ 300 ತೋರಿಸಿದಾಗ ತಾನೇ ಕೆಟ್ಟವಳೆಂದುಕೊಳ್ಳುತ್ತಾಳೆ. ಜ್ವರ, ಪರೀಕ್ಷೆಯ ಭಯ, ಬೆಳೆಯುವ ಮೈಯ ಹಾರ್ಮೋನು ಯಾವುದೂ ಅವಳ ಮಾತು ಕೇಳುವುದಿಲ್ಲ. ಅಪಥ್ಯದ ಹಳೆಯ ಆರೋಪ ಹೊಸ ಯಂತ್ರದೊಳಗಿಂದ ಮತ್ತೆ ಬಂದಂತೆ. ಅಂಕಿಯ ಮೇಲೆ ಪೂರ್ತಿ ಹಿಡಿತ ಯಾರಿಗೂ ಇಲ್ಲ, ಅಂಕಿ ಕಂಡಮೇಲೆ ಮುಂದೇನು ಎಂಬುದರ ಮೇಲೆ ಇರುತ್ತದೆ. ಮಕ್ಕಳಿಗೆ ಕೊಡಬೇಕಾದ್ದು ಈ ಎರಡನೆಯದು. ‘ಎಷ್ಟು ಬಂತು?’ ಎಂಬ ಪ್ರಶ್ನೆಯನ್ನು ಪರೀಕ್ಷೆಯ ಮಾರ್ಕ್ಸ್ ಕೇಳುವ ದನಿಯಲ್ಲಿ ಕೇಳದಿದ್ದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಶಾಲೆಯ ಕೈಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆಗಳನ್ನು ತನ್ನ 21ರ ಪಟ್ಟಿಗೆ ಸೇರಿಸಿಕೊಂಡಿತು, ಈ ಮಕ್ಕಳಿಗಿರುವ ಟೈಪ್ 1 ಮಧುಮೇಹವನ್ನು ಸೇರಿಸಲಿಲ್ಲ. ಸಿಬಿಎಸ್‌ಇ 2017ರಲ್ಲಿ ಮಧುಮೇಹದ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಬಹುದೆಂದಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ತರಗತಿಯಲ್ಲೇ ಸಕ್ಕರೆ ಅಳೆದುಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಬಿಡಬೇಕೆಂದು ರಾಜ್ಯಗಳಿಗೆ ಬರೆಯಿತು. ಚಂದಾಪುರ, ಹೆಬ್ಬಗೋಡಿ, ಬೊಮ್ಮಸಂದ್ರಗಳ ಮುಖ್ಯೋಪಾಧ್ಯಾಯರು ಆ ಮಾತನ್ನು ಜಾರಿಗೆ ತರಲು ಹೊಸ ಅನುದಾನ ಬೇಕಿಲ್ಲ. ಮೀಟರು, ಪೆನ್ನು, ಪಂಪು ಆಫೀಸಿನ ಬೀರುವಿನಲ್ಲಿ ಬೀಗದೊಳಗೆ ಬೇಡ, ಮಗುವಿನ ಬ್ಯಾಗಿನಲ್ಲೇ ಇರಲಿ. ಮಗು ನಡುಗಿದಾಗ ಗ್ಲೂಕೋಸ್ ಕೊಟ್ಟು ಆಮೇಲೆ ಫೋನ್ ಮಾಡಬೇಕೆಂದು ಒಬ್ಬ ಶಿಕ್ಷಕರಾದರೂ ಕಲಿತಿರಲಿ. ಕೂರಲು ಒಂದು ಚೊಕ್ಕ ಜಾಗ ಇರಲಿ, ಶೌಚಾಲಯದೊಳಗೆ ಕದ್ದು ಚುಚ್ಚಿಕೊಳ್ಳುವ ಗತಿ ಆ ಮಗುವಿಗೆ ಬರದಿರಲಿ.